ಎಲೆಯ ಅನುಕರಣೆ: ಯಾವುದರಲ್ಲಿ, ಎಷ್ಟರಮಟ್ಟಿಗೆ?

ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾಕೊಮೊ ಚಮಿಚಾನ್ ಎಂಬ ವಿದ್ವಾಂಸರು, 1912ರಲ್ಲಿ ನ್ಯೂಯಾರ್ಕಿನಲ್ಲಿ ನೆರೆದಿದ್ದ ರಸಾಯನವಿಜ್ಞಾನಿಗಳ ಮುಂದೆ, ಭೂಗರ್ಭದ ಕಲ್ಲಿದ್ದಲನ್ನು ನೆಚ್ಚಿ ಬಾಳುವ ನಾಗರಿಕತೆ ಎಂದಾದರೊಂದು ದಿನ ಸೂರ್ಯನ ಕಡೆಗೆ ತಿರುಗಲೇಬೇಕೆಂದೂ, ಸಸ್ಯಗಳ ವಿದ್ಯೆಯನ್ನು ಮನುಷ್ಯನು ಕರಗತ ಮಾಡಿಕೊಂಡಾಗ ಬರಡು ನೆಲದ ಮೇಲೆ ಗಾಜಿನ ನಳಿಗೆಗಳ ವನಗಳೇ ಏಳುವುವೆಂದೂ ಪ್ರತಿಪಾದಿಸಿದರು. ಶತಮಾನಕ್ಕೂ ಮಿಕ್ಕಿದ ಕಾಲ ಸಂದರೂ ಆ ವನಗಳು ಎದ್ದಿಲ್ಲ. ಎದ್ದಿರುವುದು ಸಿಲಿಕಾನ್ ಫಲಕಗಳ ಬಯಲು. ನಮ್ಮ ಪಾವಗಡದಲ್ಲಿಯೇ ಸುಮಾರು 13,000 ಎಕರೆ ಒಣನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರವನ ಹರಡಿದೆ.

ನಿಸರ್ಗವನ್ನು ಅನುಕರಿಸಿ ನಿರ್ಮಲ ಶಕ್ತಿಯನ್ನು ಪಡೆಯೋಣವೆಂಬ ಮಾತು ಈಚೆಗೆ ಎಲ್ಲೆಡೆ ಕೇಳಿಬರುತ್ತಿರುವುದಾದರೂ, ಯಾವುದನ್ನು ಅನುಕರಿಸಬೇಕೆಂಬ ವಿವೇಚನೆ ಆ ಉತ್ಸಾಹದಲ್ಲಿ ಹಿಂದೆ ಬೀಳುತ್ತಿದೆ. ಬಿಸಿಲನ್ನು ಹಿಡಿಯುವ ದಕ್ಷತೆಯೊಂದೇ ಅಳತೆಗೋಲಾದರೆ ಎಲೆಯಿಂದ ನಾವು ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ. ನಮ್ಮ ಹೊಲಗದ್ದೆಗಳ ಪೈರು ತನ್ನ ಮೇಲೆ ಬಿದ್ದ ಸೂರ್ಯಶಕ್ತಿಯಲ್ಲಿ ಶೇಕಡ 1ರಷ್ಟನ್ನು ಉಳಿಸಿಕೊಂಡರೆ ಅದೇ ದೊಡ್ಡದು. ಮಾರುಕಟ್ಟೆಯಲ್ಲಿ ದೊರೆಯುವ ಫಲಕವಾದರೋ ಶೇಕಡ 20ನ್ನು ಮೀರಿದೆ. ಆದರೆ ಎಲೆಯು ಹಿಡಿದುದನ್ನು ಸಕ್ಕರೆಯಾಗಿ, ಪಿಷ್ಟವಾಗಿ ಕೂಡಿಡುತ್ತದೆ. ಫಲಕ ಏನನ್ನೂ ಕೂಡಿಡದು. ಎಲೆಯು ಕೆಟ್ಟುದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಫಲಕಕ್ಕೆ ಆ ಶಕ್ತಿಯಿಲ್ಲ.

ಈ ಎರಡು ಗುಣಗಳನ್ನು ತುಸು ಸಮೀಪದಿಂದ ನೋಡುವುದು ಲೇಸು. ಬಿಸಿಲನ್ನು ಕೂಡಿಡುವುದರ ಮೊದಲ ಹೆಜ್ಜೆಯಾದ, ಜಲವನ್ನು ಸೀಳುವ ಕೆಲಸವನ್ನು ಎಲೆಯೊಳಗೆ ನಿರ್ವಹಿಸುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಹಾಗೂ ಐದು ಆಮ್ಲಜನಕದ ಪರಮಾಣುಗಳು ಓರೆಯಾದ ಕುರ್ಚಿಯ ಆಕಾರದಲ್ಲಿ ಜೋಡಣೆಗೊಂಡ ಒಂದು ಪುಟ್ಟ ಗೊಂಚಲು. ಅದರ ವಿನ್ಯಾಸವನ್ನು 2011ರಲ್ಲಿ ಜಪಾನಿನ ವಿಜ್ಞಾನಿಗಳು ಸ್ಫುಟವಾಗಿ ಕಂಡರು. ಬೆಳಕಿನ ಒಂದೊಂದು ಕಣ ತಾಗಿದಾಗಲೂ ಈ ಗೊಂಚಲು ಒಂದೊಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು, ನಾಲ್ಕನೆಯದೂ ಹೋದ ಮೇಲೆ, ತನಗುಂಟಾದ ಕೊರತೆಯನ್ನು ನೀರಿನಿಂದ ತುಂಬಿಕೊಂಡು, ನಾವು ಉಸಿರಾಡುವ ಆಮ್ಲಜನಕದ ಒಂದು ಅಣುವನ್ನು ಹೊರಕ್ಕೆ ಬಿಡುತ್ತದೆ. ಇಂಥ ಉಗ್ರವಾದ ರಾಸಾಯನಿಕ ಕ್ರಿಯೆಯ ಮಗ್ಗುಲಲ್ಲೇ ಇರುವ ಪ್ರೋಟೀನ್ ಪ್ರಖರವಾದ ಬಿಸಿಲಿನಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ಹಾಳಾಗುವುದುಂಟು. ಎಲೆ ಅದನ್ನು ಕಳಚಿ ಹೊಸದನ್ನು ಕೂಡಿಸಿಕೊಳ್ಳುತ್ತದೆ. ಮ್ಯಾಂಗನೀಸಾದರೂ ದುರ್ಲಭ ಲೋಹವೇನಲ್ಲ. ಸಂಡೂರಿನ ಗುಡ್ಡಗಳಿಂದ ಅಗೆದು ಉಕ್ಕಿನ ಕಾರ್ಖಾನೆಗಳಿಗೆ ಸಾಗಿಸುವ ಅದಿರಿನಲ್ಲಿರುವುದೂ ಅದೇ. ಇತ್ತ ನಾವೋ, ನೀರಿನಿಂದ ಜಲಜನಕವನ್ನು ಬೇರ್ಪಡಿಸುವ ಒಂದು ಜಾತಿಯ ಯಂತ್ರಗಳಿಗೆ ಬಲು ದುಬಾರಿಯಾದ ಇರಿಡಿಯಂ, ಪ್ಲಾಟಿನಂಗಳನ್ನು ಬಳಿಯುತ್ತಿದ್ದೇವೆ.

ಅಮೆರಿಕದ ರಸಾಯನವಿಜ್ಞಾನಿ ಡೇನಿಯಲ್ ನೊಸೆರಾ ಅವರು ಹಿಡಿದದ್ದು ಎಲೆಯ ದಾರಿಯನ್ನೇ. ಅವರು 2008ರಲ್ಲಿ ಪ್ರಕಟಿಸಿದ ಕೋಬಾಲ್ಟಿನ ಕ್ರಿಯಾವರ್ಧಕವು ಸವೆದು ನೀರಿಗೆ ಸೇರಿದರೂ, ಆ ನೀರಿನಲ್ಲಿ ಫಾಸ್ಫೇಟ್ ಇದ್ದು ವಿದ್ಯುತ್ತು ಹರಿಯುತ್ತಿದ್ದರೆ ಮತ್ತೆ ಸ್ವಸ್ಥಾನದಲ್ಲಿಯೇ ಬಂದು ಕೂರುತ್ತದೆ. 2011ರಲ್ಲಿ ಅದನ್ನು ಸಿಲಿಕಾನ್ ಬಿಲ್ಲೆಗೆ ಲೇಪಿಸಿ ಅವರು ರಚಿಸಿದ ಕೃತಕ ಪತ್ರ, ನೀರಿನಲ್ಲಿ ಅದ್ದಿ ಬಿಸಿಲಿಗಿಟ್ಟರೆ ಸಾಕು, ಒಂದು ಮುಖದಿಂದ ಆಮ್ಲಜನಕವನ್ನೂ ಇನ್ನೊಂದರಿಂದ ಜಲಜನಕವನ್ನೂ ಗುಳ್ಳೆಗಳಾಗಿ ಹೊಮ್ಮಿಸಿತು. ಪತ್ರಿಕೆಗಳು ಜಯಘೋಷ ಮಾಡಿದವು. ಆದರೂ ಅದು ಮನೆಮನೆಗೆ ಬರಲಿಲ್ಲ: ತಂತಿಯಿಲ್ಲದ ಆ ಪತ್ರದ ದಕ್ಷತೆ ಸುಮಾರು ಶೇಕಡ 2.5, ಬೆರೆತರೆ ಸಿಡಿಯಬಲ್ಲ ಎರಡು ಅನಿಲಗಳನ್ನು ಒಂದೇ ಪಾತ್ರೆಯಲ್ಲಿ ಪ್ರತ್ಯೇಕವಾಗಿ ಹಿಡಿಯುವುದು ಕಷ್ಟ, ಅದಕ್ಕಿಂತ ಅಗ್ಗವಾಗಿ ಜಲಜನಕ ಬೇರೆಡೆ ದೊರೆಯುತ್ತಿತ್ತು. ಇದನ್ನು ಸೋಲೆನ್ನುವವರು ಎನ್ನಲಿ. ಕೆಟ್ಟುದನ್ನು ತಾನೇ ಕಟ್ಟಿಕೊಳ್ಳುವ ಲೋಹಲೇಪವೊಂದು ಸಾಧ್ಯವೆಂದು ಸ್ಥಾಪಿತವಾದದ್ದು ನನ್ನ ದೃಷ್ಟಿಯಲ್ಲಿ ಆ ಗುಳ್ಳೆಗಳಿಗಿಂತ ದೊಡ್ಡ ಲಾಭ.

ಬಿಸಿಲನ್ನು ಜಲಜನಕವಾಗಿ ಕೂಡಿಡಲು ನೆರವಾಗುವ ಇಂಥ ಲೇಪದ ಬೆಲೆ ನಮಗೆ ತಿಳಿಯಬೇಕಾದರೆ ಹೊತ್ತು ಮುಳುಗಿದ ಮೇಲೆ ಪಾವಗಡದ ಫಲಕಗಳು ಏನು ಮಾಡುತ್ತವೆಂದು ವಿಚಾರಿಸಬೇಕು. ಹಗಲಿನ ವಿದ್ಯುತ್ತನ್ನು ಇರುಳಿಗೆ ಉಳಿಸುವ ಉಪಾಯವಾಗಿ ಸರ್ಕಾರವು ಶರಾವತಿ ಕಣಿವೆಯಲ್ಲಿ, ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಕ್ಕೆ ಹರಿಸುವ 2,000 ಮೆಗಾವಾಟ್ ಯೋಜನೆಯನ್ನು ಸಂಕಲ್ಪಿಸಿದೆ. ಬಿಸಿಲನ್ನು ಕೂಡಿಡುವ ವಿದ್ಯೆಯಲ್ಲಿ ಪಾರಂಗತವಾದ ಮರಗಳನ್ನು, ಅದೂ ಸಿಂಗಳೀಕಗಳ ಅಭಯಾರಣ್ಯದಲ್ಲಿ, ಬಿಸಿಲನ್ನು ಕೂಡಿಡುವುದಕ್ಕಾಗಿಯೇ ಕಡಿಯಹೊರಡುವುದು ಎಂತಹ ವಿಪರ್ಯಾಸ!

ಪರ್ಯಾಯವನ್ನು ಅರಸುವ ವಿದ್ವತ್ತು ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರೂ ಅವರ ಶಿಷ್ಯರೂ ಬೆಳಕಿನಿಂದ ನೀರನ್ನು ವಿಭಜಿಸುವ ಪದಾರ್ಥಗಳ ಕುರಿತು ವರ್ಷಗಟ್ಟಲೆ ದುಡಿದಿದ್ದಾರೆ. ಕೊರತೆಯಿರುವುದು ಹಣದ ಹಂಚಿಕೆಯಲ್ಲಿ. ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ಅಂಗೀಕರಿಸಿದ ಹಸಿರು ಜಲಜನಕ ಅಭಿಯಾನದ ಮೊತ್ತ 19,744 ಕೋಟಿ ರೂಪಾಯಿ. ಅದರಲ್ಲಿ ಸಂಶೋಧನೆಗೆಂದು ಮೀಸಲಾದದ್ದು 400 ಕೋಟಿ, ಎಂದರೆ ಶೇಕಡ 2ರ ಆಸುಪಾಸು. ಉಳಿದುದರ ಬಹುಪಾಲು ಇಂದು ಗೊತ್ತಿರುವ ಯಂತ್ರಗಳ ತಯಾರಿಕೆಗೂ ಅವುಗಳಿಂದ ತೆಗೆದ ಜಲಜನಕಕ್ಕೂ ಪ್ರೋತ್ಸಾಹಧನವಾಗಿ ಹೋಗುವುದು. ಸಂಶೋಧನೆಯ ಪಾಲನ್ನು ಐದು ಪಟ್ಟಾದರೂ ಏರಿಸುವುದು ಅಗತ್ಯ. ಜೊತೆಗೆ, ಪ್ರಯೋಗಾಲಯದ ತಂಪಿನಲ್ಲಿ ಒಂದು ಗಂಟೆ ತೋರಿದ ದಕ್ಷತೆಯನ್ನು ನೋಡಿ ಅನುದಾನ ಕೊಡುವ ಪರಿಪಾಠವನ್ನು ಬಿಟ್ಟು, ಬಯಲುಸೀಮೆಯ ಗಡಸು ನೀರಿನಲ್ಲಿ ಒಂದು ಬೇಸಗೆ, ಒಂದು ಮಳೆಗಾಲ ಕೆಡದೆ, ಅಥವಾ ಕೆಟ್ಟರೂ ತಾನೇ ಸರಿಹೋಗಿ ದುಡಿದ ಪದಾರ್ಥಕ್ಕೆ ಮೊದಲ ಪ್ರಾಶಸ್ತ್ಯ ಸಲ್ಲುವಂತೆ ನಿಯಮವನ್ನು ತಿದ್ದಬೇಕು.