ಸೊಪ್ಪಿನ ಸತ್ತ್ವವೂ ಸತ್ಯದ ಪರೀಕ್ಷೆಯೂ

ನಮ್ಮ ಗಿಡಮೂಲಿಕೆಗಳಲ್ಲಿ ರೋಗನಿವಾರಕ ಶಕ್ತಿಯುಂಟೆಂಬುದು ಹಿರಿಯರ ಅನುಭವದ ಮಾತು. ಆ ಮಾತನ್ನು ಪ್ರಯೋಗಶಾಲೆಯಲ್ಲಿ ಒರೆಗೆ ಹಚ್ಚುವ ಕಾರ್ಯದಲ್ಲಿ ಇಂದು ಅನೇಕ ಕಾಲೇಜುಗಳು ತೊಡಗಿರುವುದು ಸಂತೋಷದ ಸಂಗತಿ. ಆದರೆ ಅಲ್ಲಿ ದೊರೆತ ಮೊದಲ ಫಲವನ್ನೇ ಹಿಡಿದು ಕ್ಯಾನ್ಸರಿಗೆ ಮದ್ದು ಸಿಕ್ಕಿತೆಂದು ಸಾರುವ ಆತುರವು ವಿಜ್ಞಾನಕ್ಕೂ ಶೋಭೆಯಲ್ಲ, ರೋಗಿಗೂ ಹಿತವಲ್ಲ.

ಈ ಪರೀಕ್ಷೆಗಳು ಹೇಳುವುದಾದರೂ ಏನು? ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಎಲೆಯ ಸಾರವನ್ನು ಬೆರೆಸಿದಾಗ ಬಣ್ಣವು ಮಾಸಿ ಹಳದಿಗೆ ತಿರುಗಿದರೆ, ಸಾರದಲ್ಲಿ ಉತ್ಕರ್ಷಣ ನಿರೋಧಕ ಗುಣವಿದೆಯೆಂದರ್ಥ. ಅಗರ್ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳ ನಡುವೆ ಸಾರದ ಸುತ್ತ ತೆರಪಾದ ವಲಯ ಮೂಡಿದರೆ, ಅದು ಅವುಗಳ ಬೆಳವಣಿಗೆಯನ್ನು ತಡೆಯಿತೆಂದರ್ಥ. ಸಾಕಿದ ಕ್ಯಾನ್ಸರ್ ಜೀವಕೋಶಗಳು ಸತ್ತರೆ, ಅವುಗಳಿಗೆ ಅದು ಮಾರಕವೆಂದಷ್ಟೇ ಅರ್ಥ. ಆರೋಗ್ಯವಂತ ಜೀವಕೋಶಗಳನ್ನೂ ಅದು ಹಾಗೆಯೇ ಕೊಲ್ಲುವುದಾದರೆ ಅದಕ್ಕೆ ವಿಷವೆಂಬ ಹೆಸರೇ ಒಪ್ಪುವುದು. ಬರಿಯ ಮದ್ಯಸಾರವನ್ನು ಬೇರೆಯಾಗಿ ಹಾಕಿ ಹೋಲಿಸಿ ನೋಡದಿದ್ದರೆ, ಕೊಂದದ್ದು ಸೊಪ್ಪೋ ಅದನ್ನು ಕರಗಿಸಿದ ಮದ್ಯಸಾರವೋ ಎಂಬುದೂ ತಿಳಿಯದು.

ಪ್ರಯೋಗಶಾಲೆಯಿಂದ ಆಸ್ಪತ್ರೆಯವರೆಗಿನ ದಾರಿ ಎಷ್ಟು ದೀರ್ಘವೆಂಬುದಕ್ಕೆ ಪಶ್ಚಿಮ ಘಟ್ಟದ ದುರ್ವಾಸನೆ ಮರವೇ ಸಾಕ್ಷಿ. 1966ರಲ್ಲಿ ಅಮೆರಿಕದ ವಾಲ್ ಹಾಗೂ ಭಾರತ ಮೂಲದ ವಾನಿ ಅವರು ಚೀನಾ ದೇಶದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದರು. ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿಯೂ ಇದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅವರು ತೋರಿಸಿಕೊಟ್ಟರು. ಕ್ಯಾನ್ಸರ್ ಕೋಶಗಳನ್ನು ಅದು ಕೊಲ್ಲುವುದು ನಿಜವಾಗಿದ್ದರೂ, ರೋಗಿಗಳಲ್ಲಿ ತೀವ್ರ ದುಷ್ಪರಿಣಾಮಗಳು ಕಂಡುಬಂದು 1970ರ ದಶಕದಲ್ಲಿ ಆ ಪ್ರಯೋಗಗಳು ನಿಂತುಹೋದವು. ಮುಂದೆ ಅದರ ರಚನೆಯನ್ನು ಮಾರ್ಪಡಿಸಿ ಪಡೆದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆತುದು 1996ರಲ್ಲಿ. ಮೂವತ್ತು ವರ್ಷಗಳ ತಪಸ್ಸದು! ಇತ್ತ, ಆ ವಸ್ತುವಿನ ಆಸೆಗಾಗಿ ಮರಕ್ಕೇ ಕೊಡಲಿ ಬಿದ್ದು, ಘಟ್ಟದ ಹಲವೆಡೆ ಅದು ವಿರಳವಾಯಿತು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಪ್ರತಿಯೊಂದು ಪ್ರಯೋಗದಲ್ಲಿಯೂ ಹೋಲಿಕೆಯ ಮಾದರಿಯನ್ನಿಡುವ, ಗಿಡವನ್ನು ಸರಿಯಾಗಿ ಗುರುತಿಸಿ ಒಣಗಿಸಿ ಕಾಪಿಡುವ ಅಭ್ಯಾಸವು ಪ್ರೌಢಶಾಲೆಯಲ್ಲಿಯೇ ಬೇರೂರಲಿ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಉಪಕರಣಗಳಿಗೆ ನೆರವು ನೀಡುವಂತೆಯೇ ಒಂದು ಮೂಲಿಕಾವನಕ್ಕೂ ನೆರವಾಗಲಿ. ತ್ವರಿತ ಫಲವನ್ನು ಮಾತ್ರ ಕೇಳದಿರಲಿ. ಆತುರದ ಸುದ್ದಿಯನ್ನು ನಂಬಿ, ನಡೆಯುತ್ತಿದ್ದ ಚಿಕಿತ್ಸೆಯನ್ನು ಬಿಟ್ಟು ಕಷಾಯಕ್ಕೆ ಮೊರೆಹೋದ ರೋಗಿಗೆ ಕಳೆದುಹೋದ ಕಾಲವನ್ನು ಯಾರೂ ಮರಳಿ ಕೊಡಲಾರರು. ಹಿರಿಯರ ಅರಿವಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವೆಂದರೆ ಅದನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿ, ಕಂಡುದನ್ನು ಕಂಡಷ್ಟೇ ಹೇಳುವುದು.