ಮಾತಾಡುವಷ್ಟಕ್ಕೇ ದುಡ್ಡು ತೆಗೆದುಕೊಳ್ಳಿ: ಠಾಕುರ್ಲಿ ಕನ್ನಡಿಗರ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್),
ಹೊಸದಿಲ್ಲಿ.

ವಿಷಯ: ಕೀಪ್ಯಾಡ್ ಫೋನ್ ಬಳಸುವವರಿಗೆ 30 ದಿನದ, ಕರೆಗೆ ಮಾತ್ರ ಸೀಮಿತವಾದ ಅಗ್ಗದ ರೀಚಾರ್ಜ್ ಕಡ್ಡಾಯಗೊಳಿಸುವ ಬಗ್ಗೆ ಮತ್ತು ಒಳಬರುವ ಕರೆಗಳು ನಿಲ್ಲದಂತೆ ನೋಡಿಕೊಳ್ಳುವ ಬಗ್ಗೆ.

ಮಾನ್ಯರೇ,

ಡೊಂಬಿವಲಿ ಮತ್ತು ಕಲ್ಯಾಣದ ನಡುವಿನ ಠಾಕುರ್ಲಿ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರು ನಾವು. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದು ಈಗ ಮನೆಯಲ್ಲಿರುವ ಹಿರಿಯರು ನಮ್ಮಲ್ಲಿದ್ದಾರೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸ, ಮನೆಗೆಲಸ ಮಾಡಿಕೊಂಡಿರುವವರೂ ಇದ್ದಾರೆ. ಈ ಮನವಿ ಹೆಚ್ಚಾಗಿ ಇವರ ಪರವಾಗಿ.

ಊರಿಗೆ ಫೋನ್ ಮಾಡುವುದೆಂದರೆ ಎಸ್‌ಟಿಡಿ ಬೂತಿನ ಮುಂದೆ ಸರತಿಯಲ್ಲಿ ನಿಲ್ಲುವುದು ಎಂಬ ಕಾಲವನ್ನು ನಾವು ಕಂಡಿದ್ದೇವೆ. ರಾತ್ರಿ 11ರ ನಂತರ ಕಾಲು ದರ ಎಂದು ನಿದ್ದೆಗೆಟ್ಟು ಕಾದವರಿದ್ದಾರೆ. ನಮ್ಮ ಕೋಡ್ 0251, ಮುಂಬಯಿಯದು 022. ಲೋಕಲ್ ರೈಲಿನಲ್ಲಿ ದಿನಾ ಹೋಗಿಬರುವ ಊರಿಗೂ ಎಸ್‌ಟಿಡಿ! 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೇಶದ ಮೊದಲ ಮೊಬೈಲ್ ಕರೆ ಮಾಡಿದಾಗ ಅದು ನಮಗೆ ಪತ್ರಿಕೆಯ ಸುದ್ದಿ ಅಷ್ಟೇ. ಮೊಬೈಲ್ ನಿಜವಾಗಿ ನಮ್ಮ ಕೈಗೆ ಬಂದದ್ದು 2003ರ ಮೇ 1ರಿಂದ ಒಳಬರುವ ಕರೆ ಉಚಿತವಾದ ಮೇಲೆ. ಅದು ತಮ್ಮ ಪ್ರಾಧಿಕಾರದ ನಿಯಮದ ಫಲ. ಅದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇವೆ. ಕೈಯಲ್ಲಿ ಕಾಸಿಲ್ಲದಿದ್ದರೂ ಊರಿನಿಂದ ಬಂದ ಕರೆ ಎತ್ತಿಕೊಳ್ಳಬಹುದಿತ್ತು, ಮಿಸ್ಡ್ ಕಾಲ್ ಕೊಟ್ಟು ಕಾಯಬಹುದಿತ್ತು.

ಆ ಅನುಕೂಲ ಈಗ ಕೈತಪ್ಪಿದೆ. ಪ್ಯಾಕ್ ಮುಗಿದ ಕೆಲವೇ ದಿನಗಳಲ್ಲಿ ಒಳಬರುವ ಕರೆಯೂ ನಿಲ್ಲುತ್ತದೆ. ನಾಕಾದಲ್ಲಿ ಕೆಲಸಕ್ಕೆ ನಿಲ್ಲುವ ಗಾರೆಯವನ ಜೇಬಿನಲ್ಲಿರುವುದು ಬ್ಯಾಟರಿ ಬೀಳದಂತೆ ರಬ್ಬರ್ ಬ್ಯಾಂಡ್ ಸುತ್ತಿದ ಕೀಪ್ಯಾಡ್ ಫೋನು. ಬೆಳಗ್ಗೆ ಮುಕಾದಮನ ಕರೆ ಬಂದರೆ ಅವನಿಗೆ ಅಂದಿನ ಕೂಲಿ ಉಂಟು, ಬರದಿದ್ದರೆ ಇಲ್ಲ. ಬ್ಯಾಂಕಿನ ಒಟಿಪಿ, ಮಹಿಳೆಯರಿಗೆ ಹಣ ಕೊಡುವ ಮಹಾರಾಷ್ಟ್ರ ಸರ್ಕಾರದ ಲಾಡ್ಕಿ ಬಹೀಣ್ ಯೋಜನೆಯ ಇ-ಕೆವೈಸಿ ಎಲ್ಲವೂ ಅದೇ ನಂಬರಿಗೆ. ನಂಬರ್ ಸತ್ತರೆ ಸರ್ಕಾರದ ಹಣವೂ ನಿಲ್ಲಬಹುದು.

ಡೇಟಾ ತೀರಾ ಅಗ್ಗವಾಗಿರುವ ದೇಶಗಳಲ್ಲಿ ನಮ್ಮದೂ ಒಂದು ಎಂಬ ಮಾತು ಸುಳ್ಳಲ್ಲ. ಆದರೆ ಡೇಟಾ ಬಳಸಲಾಗದ ಫೋನಿನವನು ಡೇಟಾದ ಬೆಲೆ ಏಕೆ ತೆರಬೇಕು? ಇದನ್ನು ಮನಗಂಡೇ ತಾವು 2024ರ ಡಿಸೆಂಬರಿನಲ್ಲಿ ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಸೀಮಿತವಾದ ಪ್ಯಾಕ್ ಇರಲೇಬೇಕೆಂದು ನಿಯಮ ತಂದಿರಿ. ಮುಂದಿನ ತಿಂಗಳು ಬಂದ ಪ್ಯಾಕುಗಳು ಹೇಗಿದ್ದವು? 84 ದಿನಕ್ಕೆ 450 ರೂಪಾಯಿಯ ಆಸುಪಾಸು, ಇಲ್ಲವೇ ವರ್ಷದ ಮಟ್ಟಿಗೆ ಸಾವಿರದ ಮೇಲೆ. ದಿನಗೂಲಿಯವನು ಅಷ್ಟನ್ನು ಒಮ್ಮೆಗೇ ಎಲ್ಲಿಂದ ತಂದಾನು? ಕಂಪನಿಗಳು ನಿಯಮವನ್ನು ಅಕ್ಷರಕ್ಕೆ ಪಾಲಿಸಿವೆ, ಆಶಯಕ್ಕೆ ಅಲ್ಲ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಒಂದೇ. 28 ದಿನಗಳನ್ನೇ ತಿಂಗಳೆಂದು ಎಣಿಸಿ ವರ್ಷಕ್ಕೆ ಹದಿಮೂರು ರೀಚಾರ್ಜ್ ಮಾಡಿಸುವ ಪದ್ಧತಿಗೆ ಕಡಿವಾಣ ಹಾಕಲು, ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನಾದರೂ ಕೊಡಬೇಕೆಂದು ತಾವು 2022ರಲ್ಲಿ ಆದೇಶಿಸಿದ್ದೀರಿ. ಆ ಆದೇಶವನ್ನೂ 2024ರ ನಿಯಮವನ್ನೂ ಜೋಡಿಸಿ: ಕರೆ-ಎಸ್‌ಎಂಎಸ್ ಮಾತ್ರದ ಪ್ಯಾಕ್ 30 ದಿನಕ್ಕೂ ಸಿಗಬೇಕು, ಅದರ ದಿನದ ಲೆಕ್ಕ 84 ದಿನದ ಪ್ಯಾಕಿಗಿಂತ ದುಬಾರಿಯಾಗಬಾರದು.

ಎರಡನೆಯದು, ಪ್ಯಾಕ್ ಮುಗಿದ ಮೇಲೂ 90 ದಿನ ಒಳಬರುವ ಕರೆ ಮತ್ತು ಒಟಿಪಿ ಬರುತ್ತಿರಬೇಕು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಬಳಸದ ನಂಬರನ್ನೂ ರದ್ದುಮಾಡುವಂತಿಲ್ಲ ಎಂಬ 2013ರ ನಿಯಮ ಹೇಗೂ ಇದೆ. ಇದು ರೀಚಾರ್ಜ್ ಅಂಗಡಿಯವರಿಗೇ ಗೊತ್ತಿಲ್ಲ. ಅಂಗಡಿಗಳಲ್ಲಿ ಫಲಕ ಹಾಕಿಸಿ.

ಕೊನೆಯದು ಭಾಷೆಯ ಮಾತು. ಮುಂಬಯಿ ವಲಯದ ಗ್ರಾಹಕನೂ ಬಯಸಿದರೆ ಸಹಾಯವಾಣಿ ಕನ್ನಡದಲ್ಲಿ ಮಾತಾಡಬೇಕು. ಅವಧಿ ಮುಗಿಯುವ ಎಚ್ಚರಿಕೆ ಧ್ವನಿ ಸಂದೇಶವಾಗಿ ಬರಬೇಕು, ಓದಲು ಬಾರದವರಿಗೆ ಎಸ್‌ಎಂಎಸ್ ಕಳಿಸಿ ಏನು ಪ್ರಯೋಜನ? ಕರ್ನಾಟಕ ವಲಯದಲ್ಲಿ ಇದೇ ಕಂಪನಿಗಳು ಕನ್ನಡದಲ್ಲಿ ಉತ್ತರಿಸುತ್ತಿವೆ. ಕರೆಯನ್ನು ಅಲ್ಲಿಗೆ ತಿರುಗಿಸಿದರೆ ಸಾಕು.

ದರ ನಿಗದಿ ಕಂಪನಿಗಳ ಸ್ವಾತಂತ್ರ್ಯಕ್ಕೆ ಬಿಟ್ಟದ್ದೆಂದು ಬಲ್ಲೆವು. ಆದರೂ ಒಳಬರುವ ಕರೆಯನ್ನು ಉಚಿತಗೊಳಿಸಿದ ಪ್ರಾಧಿಕಾರಕ್ಕೆ ಅದನ್ನು ಉಳಿಸಿಕೊಡುವ ಅಧಿಕಾರವೂ ಇದೆಯೆಂದು ನಂಬಿದ್ದೇವೆ. ಮುಂದಿನ ದರಪಟ್ಟಿ ಪರಿಶೀಲನೆಗೆ ಮುನ್ನ ಈ ಬೇಡಿಕೆಗಳ ಕುರಿತು ಸಾರ್ವಜನಿಕ ಸಮಾಲೋಚನೆ ನಡೆಸಿ, ನಮಗೆ ಲಿಖಿತ ಉತ್ತರ ನೀಡಬೇಕಾಗಿ ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಠಾಕುರ್ಲಿ ಪರಿಸರದ ಕನ್ನಡಿಗ ಮೊಬೈಲ್ ಗ್ರಾಹಕರು