ಘಾಟಿಯ ಲಾರಿಯೂ ಕವಾಟದ ಸ್ಪ್ರಿಂಗೂ

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೊರಟ ಲಾರಿ ಕೆರೆಕಟ್ಟೆಯನ್ನು ದಾಟಿ ಎಸ್.ಕೆ. ಬಾರ್ಡರಿಗೆ ಬಂತೆಂದರೆ ಅಲ್ಲಿಂದ ಮುಂದೆ ಮಾಳ ಘಾಟಿಯ ಇಳಿಜಾರು. ಹಿಂದೆ 13 ಎಂಬ ಸಂಖ್ಯೆ ಹೊತ್ತಿದ್ದು ಈಗ 169 ಆಗಿರುವ ಈ ರಾಷ್ಟ್ರೀಯ ಹೆದ್ದಾರಿ ಕುದುರೆಮುಖದ ಕಾಡಿನೊಳಗೆ ಸುತ್ತಿ ಸುತ್ತಿ ಇಳಿಯುತ್ತದೆ. ಇಂಥ ಕಡೆ ಲಾರಿಯನ್ನು ಹಿಡಿದಿಡುವುದು ಬ್ರೇಕು ಎಂದೇ ಎಲ್ಲರ ತಿಳಿವಳಿಕೆ. ಆದರೆ ಎಂಜಿನ್ನಿನೊಳಗೆ ಅಡಗಿರುವ, ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಉಕ್ಕಿನ ಸುರುಳಿಗೂ ಇದರಲ್ಲಿ ಪಾಲಿದೆ. ಅದೇ ಕವಾಟದ ಸ್ಪ್ರಿಂಗು.

ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಗಾಳಿ ಒಳಬರಲು ಒಂದು ಕವಾಟ, ಹೊಗೆ ಹೊರಹೋಗಲು ಇನ್ನೊಂದು ಕವಾಟ ಇರಲೇಬೇಕು. ಕವಾಟವನ್ನು ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗು. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗಿದರೆ ಕ್ಯಾಮ್ ದಂಡ 1200 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ಕವಾಟ ಸೆಕೆಂಡಿಗೆ 20 ಬಾರಿ ತೆರೆದು ಮುಚ್ಚಬೇಕು!

1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಸ್ಪ್ರಿಂಗನ್ನು ಎಷ್ಟು ಅದುಮುತ್ತೇವೆಯೋ ಅದಕ್ಕೆ ಅನುಪಾತದಲ್ಲಿ ಅದರ ಬಲ ಹೆಚ್ಚುತ್ತದೆ. ಲೆಕ್ಕಕ್ಕೆ ಒಂದು ಸ್ಪ್ರಿಂಗನ್ನು ತೆಗೆದುಕೊಳ್ಳೋಣ. ಕವಾಟ ಮುಚ್ಚಿದ್ದಾಗ ಅದರ ಬಲ 30 ಕೆ.ಜಿ. ತೂಕದಷ್ಟು, ಪ್ರತಿ ಮಿ.ಮೀ. ಅದುಮಿದಾಗಲೂ 3 ಕೆ.ಜಿ. ಹೆಚ್ಚು. ಕವಾಟ 11 ಮಿ.ಮೀ. ತೆರೆದಾಗ ಬಲ 63 ಕೆ.ಜಿ. ಆಗುತ್ತದೆ.

ಇಷ್ಟು ಬಲ ಸಾಕೇ? ಕಾರ್ಖಾನೆಯಿಂದ ಬಂದ ಎಂಜಿನ್ನಿಗೆ ಅಲ್ಲಿನ ಎಂಜಿನಿಯರರು ಲೆಕ್ಕಹಾಕಿಯೇ ಸ್ಪ್ರಿಂಗು ಕೂರಿಸಿರುತ್ತಾರೆ. ಎಂಜಿನ್ನನ್ನು ಮಾರ್ಪಡಿಸಿದರೆ ಆ ಲೆಕ್ಕ ಕೆಡುತ್ತದೆ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ವೇಗ. ಕವಾಟವನ್ನು ಕ್ಯಾಮಿಗೆ ಅಂಟಿಸಿಡಲು ಬೇಕಾದ ಬಲ ವೇಗದ ವರ್ಗದಂತೆ ಏರುತ್ತದೆ. ಪಂಪನ್ನು ತಿರುಚಿ 2400 ಸುತ್ತನ್ನು 3000ಕ್ಕೆ ಏರಿಸಿದರೆ ವೇಗ ಹೆಚ್ಚುವುದು ನೂರಕ್ಕೆ 25ರಷ್ಟು. ಬೇಕಾದ ಬಲ ಹೆಚ್ಚುವುದು ನೂರಕ್ಕೆ 56ರಷ್ಟು. ಸ್ಪ್ರಿಂಗು ಸೋತರೆ ಕವಾಟ ಕ್ಯಾಮನ್ನು ಬಿಟ್ಟು ತೇಲುತ್ತದೆ, ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ.

ಎರಡನೆಯದು ಟರ್ಬೊ. ಅದು ಒತ್ತಿ ತುಂಬುವ ಗಾಳಿ, ಮುಚ್ಚಿರುವ ಕವಾಟದ ಬೆನ್ನನ್ನೂ ಒತ್ತುತ್ತದೆ. 45 ಮಿ.ಮೀ. ವ್ಯಾಸದ ಕವಾಟದ ವಿಸ್ತೀರ್ಣ ಸುಮಾರು 16 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 1 ಕೆ.ಜಿ. ಹೆಚ್ಚುವರಿ ಒತ್ತಡವಿದ್ದರೆ ಹೆಚ್ಚೆಂದರೆ 16 ಕೆ.ಜಿ. ಬಲ ಸ್ಪ್ರಿಂಗಿಗೆ ಎದುರಾಗುತ್ತದೆ. 30ರಲ್ಲಿ ಅರ್ಧದಷ್ಟು ಅಲ್ಲೇ ಕರಗಿತು.

ಮೂರನೆಯದು ಘಾಟಿಗೆ ನೇರ ಸಂಬಂಧಿಸಿದ್ದು: ಎಕ್ಸಾಸ್ಟ್ ಬ್ರೇಕು. ಇದು ಹೊಗೆಯ ದಾರಿಯನ್ನು ಅಡ್ಡಗಟ್ಟಿ, ಎಂಜಿನ್ನೇ ಚಕ್ರಗಳನ್ನು ತಡೆಯುವಂತೆ ಮಾಡುತ್ತದೆ. ಆಗ ಕೊಳವೆಯಲ್ಲಿ ಒತ್ತಡ ಚದರ ಸೆಂ.ಮೀ.ಗೆ 3 ಕೆ.ಜಿ. ಆಯಿತೆನ್ನಿ. 40 ಮಿ.ಮೀ. ಕವಾಟದ ಮೇಲೆ ಬೀಳುವ ಬಲ ಸುಮಾರು 38 ಕೆ.ಜಿ. ಮೂವತ್ತರ ಸ್ಪ್ರಿಂಗು ಇದನ್ನು ತಡೆಯಲಾರದು.

ಹಾಗಾದರೆ ಸಿಕ್ಕಿದ ಅತಿ ಗಟ್ಟಿ ಸ್ಪ್ರಿಂಗನ್ನೇ ಹಾಕಿದರಾಯಿತಲ್ಲ ಎನ್ನಬಹುದು. ಅದೂ ತಪ್ಪು. ಅತಿ ಬಲದಿಂದ ಕ್ಯಾಮ್ ಮತ್ತು ಟ್ಯಾಪೆಟ್ ಸವೆಯುತ್ತವೆ, ಪುಶ್ ರಾಡ್ ಬಾಗುತ್ತದೆ, ಕವಾಟ ಕೂರುವ ಪೀಠ ಜಜ್ಜಿಹೋಗುತ್ತದೆ. ಗಟ್ಟಿತನ ತಂತಿಯ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ ಎಂಬುದನ್ನೂ ನೆನಪಿಡಬೇಕು. ಉಳಿದೆಲ್ಲ ಹಾಗೇ ಇದ್ದು, 4 ಮಿ.ಮೀ. ತಂತಿಯ ಬದಲು 4.4 ಮಿ.ಮೀ. ಬಳಸಿದರೆ ಸ್ಪ್ರಿಂಗು ನೂರಕ್ಕೆ 46ರಷ್ಟು ಗಟ್ಟಿ!

ಕೆಲವರು ಹಳೆಯ ಸ್ಪ್ರಿಂಗಿನಡಿ 2 ಮಿ.ಮೀ. ವಾಷರ್ ಇಡುವುದುಂಟು. ಬಲವೇನೋ 30ರಿಂದ 36ಕ್ಕೆ ಏರುತ್ತದೆ. ಆದರೆ ಸುರುಳಿಗಳ ನಡುವಿನ ಒಟ್ಟು ಸಂದು 2 ಮಿ.ಮೀ. ಕುಗ್ಗುತ್ತದೆ. ಕವಾಟ ಪೂರ್ತಿ ತೆರೆದಾಗ ಸುರುಳಿಗಳು ಒಂದಕ್ಕೊಂದು ತಾಗಿದರೆ ಏನಾದರೊಂದು ಮುರಿಯಲೇಬೇಕು. ಇನ್ನು, ಪ್ರತಿ ಸ್ಪ್ರಿಂಗಿಗೂ ತನ್ನದೇ ಕಂಪನಾವೃತ್ತಿ ಇದೆ. ಕ್ಯಾಮಿನ ಏಟು ಅದಕ್ಕೆ ಹೊಂದಿಬಿಟ್ಟರೆ ಅನುರಣನೆಯಾಗಿ ಸುರುಳಿಗಳು ಅಲೆಯಂತೆ ಹೊಯ್ದಾಡುತ್ತವೆ. ಇದನ್ನು ತಪ್ಪಿಸಲು ಒಂದರೊಳಗೊಂದು ಎರಡು ಸ್ಪ್ರಿಂಗುಗಳನ್ನು ಇಡುತ್ತಾರೆ. ಸಿಕ್ಕಿಕೊಳ್ಳದಂತೆ ಅವುಗಳನ್ನು ವಿರುದ್ಧ ದಿಕ್ಕಿಗೆ ಸುತ್ತಿರುತ್ತಾರೆ.

ಆದ್ದರಿಂದ ಆಯ್ಕೆಯ ಕ್ರಮ ಇಷ್ಟು: ಕವಾಟ ಮುಚ್ಚಿದಾಗಿನ ಎತ್ತರವನ್ನು ಅಳೆಯಬೇಕು, ಮುಚ್ಚಿದಾಗ ಮತ್ತು ಪೂರ್ತಿ ತೆರೆದಾಗ ಬಲ ಎಷ್ಟೆಂದು ಪರೀಕ್ಷಿಸಬೇಕು, ಸುರುಳಿಗಳ ಸಂದು ನೋಡಬೇಕು, ಕವಾಟದ ವಿಸ್ತೀರ್ಣವನ್ನು ಒತ್ತಡದಿಂದ ಗುಣಿಸಿ ಹೋಲಿಸಬೇಕು. ಸಾಕಾಗುವಷ್ಟು ಗಟ್ಟಿ, ಅದಕ್ಕಿಂತ ಹೆಚ್ಚಲ್ಲ.

ಮೈಮರೆತರೆ ಏನಾದೀತು? ಇಳಿಜಾರಿನಲ್ಲಿ ಮೇಲಿನ ಗೇರಿನಿಂದ ಕೆಳಗಿನದಕ್ಕೆ ಹಠಾತ್ತನೆ ಇಳಿಸಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಗವರ್ನರ್ ಡೀಸೆಲನ್ನು ನಿಲ್ಲಿಸಬಲ್ಲದೇ ಹೊರತು ಚಕ್ರಗಳನ್ನಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಸಿಲಿಂಡರಿನ ತುದಿಗೆ ಬಂದಾಗ ಉಳಿಯುವ ಜಾಗ ತೀರ ಕಡಿಮೆ. ತೇಲುವ ಕವಾಟಕ್ಕೆ ಪಿಸ್ಟನ್ ಬಡಿದರೆ ಕವಾಟ ಬಾಗಬಹುದು, ಮುರಿಯಬಹುದು. ಎಂಜಿನ್ ನಿಂತರೆ ಅದರ ತಡೆಯೂ ಹೋಯಿತು, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಂತಿತು. ಉಳಿಯುವುದು ಟ್ಯಾಂಕಿನಲ್ಲಿರುವಷ್ಟು ಗಾಳಿ ಮಾತ್ರ, ಎದುರಿಗೆ ಘಾಟಿಯ ತಿರುವು.

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಅದರ ಹಿಂದಿರುವ ಕಾರಣವೂ ಇದೇ. ಗ್ಯಾರೇಜಿನ ಕೆಲಸಕ್ಕೆ ಹೋಗುವ ಹುಡುಗನಿಗೆ ಓದು ಬೇಡ ಎನ್ನುವ ತಂದೆತಾಯಿಗಳು ಇದನ್ನು ಗಮನಿಸಲಿ. ಸ್ಪ್ಯಾನರ್ ಹಿಡಿಯುವ ಕೈಗೆ ಹುಕ್‌ನ ನಿಯಮವೂ ಗೊತ್ತಿದ್ದರೆ ಘಾಟಿ ಇಳಿಯುವ ಡ್ರೈವರು, ಕ್ಲೀನರು, ಎದುರಿನಿಂದ ಬರುವ ಬಸ್ಸಿನ ಜನ ಎಲ್ಲರೂ ಕ್ಷೇಮವಾಗಿ ಮನೆ ಸೇರುತ್ತಾರೆ.